ಬೇಡಮ್ಮನ ಪರವಾಗಿ ಎರಡು ಮಾತು

ವೇದಿಕೆ ಮೇಲಿರೋ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ತಿಂಡಿ ಯಾವಾಗ ಅಂತ ಬಾಗಿಲ ಕಡೆ ನೋಡ್ತಿರೋ ಸಭಿಕರೇ, ಎಲ್ಲರಿಗೂ ವಂದನೆಗಳು.

ನಾನು ದರ್ಜಿ. ಇವತ್ತು ಸನ್ಮಾನ ಆಗಿರೋದು, ನಾಳೆಯಿಂದ ಮೇಲಿನ ಮಹಡಿಗೆ ಬಡ್ತಿ ಸಿಕ್ಕಿರೋದು ನನ್ನ ಹೆಂಡತಿಗೆ. ಅವಳಿಗೆ ಹಾರ ಹಾಕಿದ್ರಿ, ನನ್ನ ಕೈಗೆ ಮೈಕು ಕೊಟ್ರಿ. ಅನುಭವಿಸಿ!

ನೀವು ಆಫೀಸಲ್ಲಿ ಇವಳಿಗೆ ‘ಬೇಡಮ್ಮ’ ಅಂತ ಹೆಸರಿಟ್ಟಿದೀರಂತೆ. ತಪ್ಪೇನಿಲ್ಲ. ಕಂಪ್ಯೂಟರಿಗೆ ಅಂತ ಯಾರು ಹೊಸ ಕೋಡ್ ಬರೆದು ತಂದ್ರೂ ಓದಿ ‘ಇದು ಬೇಡ, ತಿದ್ದಿ’ ಅನ್ನೋದೇ ಇವಳ ಕೆಲಸ. ಮನೇಲಿ ನಾನು ಎರಡನೇ ಚಮಚ ಸಕ್ಕರೆಗೆ ಕೈ ಹಾಕಿದ್ರೂ ಅದೇ ಮಾತು.

ಆದ್ರೆ ಬೇಡ ಅನ್ನೋದು ಸುಲಭಾನಾ ಸ್ವಾಮಿ? ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೆ ಕರ್ನಲ್ ಅಂತ ಇದೆಯಂತಲ್ಲ, ಅದರಲ್ಲಿ ನಿಮ್ಮಲ್ಲೇ ಒಬ್ಬ ಜಾಣ ಒಂದು ಪರೀಕ್ಷೆ ಇಟ್ಟಿದ್ದ. ಪ್ರೊಸೆಸರಿಗೆ ಒಂದು ಹೊಸ ವಿದ್ಯೆ ಬರುತ್ತಾ ಅಂತ ಕೇಳೋ ಪರೀಕ್ಷೆ. ಕೇಳಿದ್ದು ಎಲ್ಲಿ? ಕೋಡನ್ನ ಓಡೋ ರೂಪಕ್ಕೆ ತರೋ, ಅದೇ ಕಂಪೈಲ್ ಮಾಡೋ, ನಿಮ್ಮ ಆಫೀಸಿನ ಮಷಿನ್ನಲ್ಲಿ. ಅದು ಹೊಚ್ಚ ಹೊಸದು, ‘ಓ, ಬರುತ್ತೆ’ ಅಂತು. ಓಡಬೇಕಾಗಿದ್ದು ಎಲ್ಲಿ? ನಿಮ್ಮ ಗಿರಾಕಿ ಒಂದು ಆಸ್ಪತ್ರೆ, ಅದರ ಹಳೇ ಮಷಿನ್ನಲ್ಲಿ. ಅದಕ್ಕೆ ಆ ವಿದ್ಯೆಯ ಗಂಧಗಾಳಿಯೂ ಇಲ್ಲ! ಅಣ್ಣನ ಅಳತೆ ತಗೊಂಡು ತಮ್ಮನಿಗೆ ಅಂಗಿ ಹೊಲಿದ ಹಾಗೆ.

‘ನಮ್ಮಲ್ಲಿ ಓಡ್ತಿದೆಯಲ್ಲಾ ಮೇಡಂ’ ಅಂದನಂತೆ ಆ ಜಾಣ.

‘ನಿಮ್ಮಲ್ಲಿ ಓಡುತ್ತಪ್ಪಾ, ಅಲ್ಲಿ ಏಳೋದೇ ಇಲ್ಲ. ಆನ್ ಮಾಡಿದಾಗ ಆ ಮಷಿನ್ನನ್ನೇ ಕೇಳೋ ಹಾಗೆ ಬರಿ’ ಅಂದಳಂತೆ ಇವಳು.

ಎಲ್ಲರೂ ಮುಖ ಊದಿಸ್ಕೊಂಡ್ರಿ. ಆ ವಾರ ಇವಳು ತಟ್ಟೆ ಮುಂದಿಟ್ಕೊಂಡು ಉಣ್ಣದೆ ಕೂತಿರೋಳು. ‘ನಂದೇ ತಪ್ಪೇನ್ರೀ?’ ಅಂದಳು. ನನಗೇನು ಗೊತ್ತು? ‘ಗುಂಡಿ ಕಾಜಕ್ಕೆ ಕೂರದಿದ್ರೆ ನಾನೂ ಅಂಗಿ ಕೊಡಲ್ಲ ಕಣೇ’ ಅಂದೆ. ನಕ್ಕಳು. ಉಂಡಳು.

ಆಮೇಲೆ ನೀವೇ ಒಂದು ಹಳೇ ಮಷಿನ್ ತಂದು ಹಾಕಿ ನೋಡಿದ್ರಿ. ಮಿಸುಕಲಿಲ್ಲ. ಅದಕ್ಕೇ ಈ ಹಾರ, ಈ ಬಡ್ತಿ.

ಬಡ್ತಿ ಅಂದ್ರೆ ಏನು? ನಾಳೆಯಿಂದ ಇವಳು ಕೋಡ್ ಓದೋ ಹಾಗಿಲ್ಲ, ಬರೀ ಮೀಟಿಂಗು. ನಿನ್ನೆಯಿಂದ ಮತ್ತೆ ತಟ್ಟೆ ಮುಂದೆ ಹಾಗೇ ಕೂತಿದಾಳೆ. ‘ಒಲ್ಲೆ ಅಂದುಬಿಡೇ’ ಅಂದ್ರೆ, ‘ಅಷ್ಟು ಪ್ರೀತಿಯಿಂದ ಕೊಡ್ತಿದಾರೆ, ಯಾವ ಬಾಯಲ್ಲಿ ಅನ್ಲಿ?’ ಅಂತಾಳೆ. ಊರಿಗೆಲ್ಲ ಹೇಳೋ ‘ಬೇಡ’ ಅನ್ನೋ ಮಾತು ತನಗೆ ಬೇಕಾದಾಗ ಗಂಟಲಿಂದ ಈಚೆಗೇ ಬರಲ್ಲ ನೋಡಿ. ಇದನ್ನ ಸಭೇಲಿ ಬಾಯಿ ಬಿಡಕೂಡದು ಅಂತ ಆಣೆ ಹಾಕಿಸಿದ್ದಳು. ಅಗೋ, ಕಣ್ಣು ಕೆಂಪಗೆ ಮಾಡ್ತಿದಾಳೆ! ನಾನು ಇವತ್ತು ಅಂಗಡೀಲೇ ಮಲಗಬೇಕು.

ಅಧ್ಯಕ್ಷರೇ, ಸಹಿ ಹಾಕೋ ಮುಂಚೆ ಒಂದ್ಸಲ ಅವಳನ್ನೇ ಕೇಳಿಬಿಡಿ. ಇಲ್ಲೇ ಕೇಳಿ. ಓ, ಕೇಳೋದೇ ಬೇಡವೇನೋ, ತಾನೇ ಎದ್ದು ಮೈಕಿನ ಕಡೆ ಬರ್ತಿದಾಳೆ. ಇಷ್ಟು ಹೊತ್ತು ನನ್ನ ಬಾಯಿ ಸಹಿಸ್ಕೊಂಡ ನಿಮಗೆಲ್ಲ ಧನ್ಯವಾದ. ದಾರಿ ಬಿಡಿ, ನಮಸ್ಕಾರ!