ರೊಟ್ಟಿ ಬಡಿಯುವ ಸಪ್ಪಳ

ಮಧುಮತಿ ತಾನೇ ನೇಯ್ದ ಸೀರೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ರೋಣದ ಬಸ್ ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕೂತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಚೌಡಕ್ಕ, ಖಾನಾವಳಿ ಮುಚ್ಚತೀನಿ ಅಂತಿದ್ದೆಲ್ಲ, ಏನಾತು?"

"ಮುಚ್ಚಾಕಿನ ಇದ್ನಿ. ಎದುರಿಗೆ ಎಸಿ ಹೋಟೆಲ್ ಆತು. ನಾವೂ ಹೊಸಾದ ಮಾಡೂಣಂತ ರೊಟ್ಟಿ ಮಷಿನ್ ತಂದ್ವಿ."

"ಚಲೋ ಆತಲ್ಲ?"

"ಎಲ್ಲಿ ಚಲೋ! ಇದ್ದ ನಾಕ ಮಂದೀನೂ ಬರೂದು ಬಿಟ್ರು."

"ರುಚಿ ಕೆಟ್ಟಿತ್ತೇನ?"

"ರುಚಿ ಅದ ಇತ್ತವಾ. ಹೋದ ಸಂತಿ ದಿನ ಕರೆಂಟ್ ಹೋತು. ಬಾಗಲದಾಗ ಕುಂತು ಕೈಲೇ ರೊಟ್ಟಿ ಬಡದ್ನಿ. ಸಪ್ಪಳ ಕೇಳಿ ಮಂದಿ ಒಳಗ ಬಂದ್ರು. 'ಬಡಿಯೂ ಸಪ್ಪಳ ಇರಲಿಲ್ಲ, ತಂಗಳ ರೊಟ್ಟಿ ನೀಡ್ತಾಳ ಅಂತ ತಿಳದಿದ್ವಿ' ಅಂದ್ರು!"

"ಅಯ್ಯ ಶಿವನ! ಈಗ?"

"ದಿನಾ ಬಾಗಲದಾಗ ಬಡಿತೀನಿ. ಕುಂದ್ರಾಕ ಜಾಗ ಸಾಲವಲ್ದು."

"ಮತ್ತ ಮಷಿನ್?"

"ಅದರ ಮ್ಯಾಲೆ ರೊಟ್ಟಿ ಬುಟ್ಟಿ ಇಡತೀನಿ. ಏಳವಾ ಲಗೂ, ಊಟದ ಹೊತ್ತಾತು."

ಇಬ್ಬರೂ ನಗುತ್ತ ಎದ್ದು ಹೋದರು. ಗಜೇಂದ್ರಗಡದ ಬಸ್ಸು ಬಂದು ನಿಂತಿತು. ಮಧುಮತಿ ಅದರತ್ತ ಒಮ್ಮೆ ನೋಡಿದಳು. ಮುಂದಿನ ಬಸ್ಸಿಗೆ ಹೋದರಾಯಿತು, ಮೊದಲು ಆ ಸಪ್ಪಳ ಕೇಳಿ ಬಿಸಿ ರೊಟ್ಟಿ ತಿನ್ನೋಣ ಎಂದುಕೊಂಡು ಗಂಟನ್ನು ಬಗಲಿಗೇರಿಸಿಕೊಂಡು ಚೌಡಕ್ಕನ ಹಿಂದೆಯೇ ನಡೆದಳು.