ಅಪ್ಪನ ಪೇಸ್‌ಮೇಕರ್

“ನಾಳೆ ಅಸ್ಥಿ ಜೊತೆ ಇದನ್ನೂ ಹೊಳೇಲಿ ಬಿಟ್ಬಿಡೋಣ ಕಣೋ ಅಣ್ಣ.”

ಸಹಕಾರನಗರದ ಪಾರ್ಕಿನಲ್ಲಿ ಇ-ತ್ಯಾಜ್ಯ ಸಂಗ್ರಹಕ್ಕೆ ಹಳೆಯ ಫೋನು, ಚಾರ್ಜರ್ ಕೊಡಲು ಸಾಲು ನಿಂತಿದ್ದೆವು. ನನ್ನ ಮುಂದೆ ಯಾರೋ ಅಣ್ಣ, ತಂಗಿ. ಬೆಂಕಿಯಲ್ಲಿ ಸಿಡಿಯುತ್ತದೆಂದು ಸುಡುವ ಮುಂಚೆ ಅವರಪ್ಪನ ಎದೆಯಿಂದ ತೆಗೆಸಿದ ಪೇಸ್‌ಮೇಕರ್ ತಂಗಿಯ ಮುಷ್ಟಿಯಲ್ಲಿತ್ತು.

“ಒಳಗೆ ಬ್ಯಾಟರಿ ಇದೆ ಗೋದಾ. ಆ ನೀರು ಜನ ಕುಡೀತಾರೆ.”

“ಅದಕ್ಕೆ ಅಪ್ಪನ್ನ ಈ ಗುಜರಿ ಜೊತೆ ಹಾಕ್ಬೇಕಾ?”

“ಅಪ್ಪ ಅಲ್ಲ ಕಣೇ, ಅದು ಮೆಷೀನು.”

“ಒಂಬತ್ತು ವರ್ಷ ಅವರನ್ನ ಉಳಿಸಿದ್ದು ಯಾರು ಮತ್ತೆ, ನೀನಾ?”

ಅಷ್ಟರಲ್ಲಿ ಅವರ ಸರದಿ ಬಂತು. ಪಟ್ಟಿ ಬರೆಯುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದರು.

“ಕೆಟ್ಟಿದೆಯಾ, ಕೆಲಸ ಮಾಡ್ತಿದೆಯಾ?”

“ಇನ್ನೂ ಮಾಡ್ತಿದೆ,” ಎಂದಳು ಗೋದಾ, ಮುಷ್ಟಿ ಬಿಡಿಸುತ್ತಾ.

ಅಣ್ಣ ಚಪ್ಪಲಿ ಕಳಚಿಟ್ಟು, ತಂಗಿಯ ಅಂಗೈಯಿಂದ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಡಬ್ಬದೊಳಗೆ ಹಳೆಯ ಫೋನುಗಳ ಮೇಲೆ ಮಲಗಿಸಿದ.