ಆರ್ಡಿತ್ ಕೊಟ್ಟ ಐದು ಸ್ಟಾರ್

ಅಮೆರಿಕದ ಡುಲುತ್ ಊರಿನ ಅಂಚೆ ಕಚೇರಿಯ ಸಾಲಿನಲ್ಲಿ ನೊರೀನಳ ಮುಂದೆ ಇಬ್ಬರು ಗೆಳತಿಯರು ನಿಂತಿದ್ದರು. ಅವರಲ್ಲಿ ಹಿರಿಯಳು ಎದೆಗವಚಿಕೊಂಡಿದ್ದ ಡಬ್ಬದಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು.

“ಹೀಟರ್ ಕಣೇ ಕಾರ್ಲಿಸ್. ಅಗ್ಗಕ್ಕೆ ಸಿಕ್ತು ಅಂತ ಆನ್‌ಲೈನಲ್ಲಿ ತರಿಸಿದ್ದೆ. ನಿನ್ನೆ ಪ್ಲಗ್ಗೇ ಕರಗೋಯ್ತು.”

“ಮಾರಿದವನು ವಾಪಸ್ ತಗೋತಾನಂತಾ?”

“ಚೀನಾಕ್ಕೆ ನನ್ನ ಖರ್ಚಲ್ಲೇ ಕಳಿಸ್ಬೇಕಂತೆ.”

“ಹಾಗಂತ ಅವನ ಪುಟದಲ್ಲೇ ಬರೆದು ಉಗಿ, ಆರ್ಡಿತ್.”

“ಯಾವ ಮುಖ ಇಟ್ಕೊಂಡು ಉಗೀಲಿ? ಐದು ಸ್ಟಾರ್ ಕೊಟ್ರೆ ಹತ್ತು ಡಾಲರ್ ವಾಪಸ್ ಅಂತ ಡಬ್ಬದೊಳಗೆ ಚೀಟಿ ಇತ್ತು. ಹೀಟರ್ ಹಚ್ಚಿ ನೋಡೋಕೂ ಮುಂಚೆ ಹೊಗಳಿ ಬರೆದುಬಿಟ್ಟೆ. ಈಗ ಅದನ್ನ ಅಳಿಸೋದು ಹೇಗಂತಾನೇ ತಿಳೀತಿಲ್ಲ.”

ಕಾರ್ಲಿಸ್ ಬಗ್ಗಿ ಡಬ್ಬದ ಮೇಲಿನ ಹೆಸರು ಓದಿದಳು.

“ವಯಸ್ಸಾದವರ ಕೋಣೆಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಬರೆದಿದ್ಯಲ್ಲ, ಅದಾ?”

“ನಿಂಗೆ ಹೇಗೆ ಗೊತ್ತು?”

“ಓದಿದೆ. ಕೆಳಗೆ ನಿನ್ನ ಹೆಸರು ಇತ್ತು. ಅದೇ ಧೈರ್ಯದ ಮೇಲೆ ಅಮ್ಮನಿಗೊಂದು ಕಳಿಸಿದೆ.”

“ಅಯ್ಯೋ! ಫೋನ್ ಮಾಡೇ ಮೊದ್ಲು.”

ಕಾರ್ಲಿಸಳ ಫೋನು ರಿಂಗಾಗುತ್ತಲೇ ಇದ್ದುದು ನೊರೀನಳಿಗೂ ಕೇಳಿಸುತ್ತಿತ್ತು.

“ತೆಗೀತಿಲ್ಲ ಕಣೇ.”

“ಪಕ್ಕದ ಮನೆಯವರ ನಂಬರ್?”

“ನನ್ನ ಹತ್ರ ಇಲ್ಲ.”

“ಕಾರಲ್ಲಿ ಎಷ್ಟು ದೂರ?”

“ನಾಲ್ಕು ಗಂಟೆ. ಈ ಹಿಮದಲ್ಲಿ ಇನ್ನೂ ಜಾಸ್ತಿ. ಮಂಚದ ಪಕ್ಕಾನೇ ಇಟ್ಕೊಂಡಿದೀನಿ, ಬೆಚ್ಚಗಿದೆ ಅಂದಿದ್ಲು.”

ಇಬ್ಬರೂ ಸಾಲು ಬಿಟ್ಟು ಬಾಗಿಲಿಗೆ ಓಡಿದರು. ಗುಮಾಸ್ತ ಕರೆದಾಗ ನೊರೀನ್ ಒಂದು ಹೆಜ್ಜೆ ಮುಂದಿಟ್ಟಳು. ಅವರು ನಿಂತಿದ್ದ ಜಾಗದಲ್ಲಿ ಸುಟ್ಟ ವಾಸನೆ ಇನ್ನೂ ಹಾಗೇ ಇತ್ತು.